‘ಸ್ಪೀಕ್ ವೈಟ್’: 1970ರ ಒಂದು ಕವಿತಾ ವಾಚನವನ್ನು ಕಿವಿಗೊಟ್ಟು ಕೇಳುವುದು

ಎರಡು ಭಾಷೆಯ ಕವಿತಾ ವಾಚನ ಅಂದರೆ ಕವಿ ಫ್ರೆಂಚ್‌ನಲ್ಲಿ ಓದುತ್ತಾರೆ, ಆಮೇಲೆ ಇನ್ನೊಬ್ಬರು ಎದ್ದು ಅದನ್ನೇ ಇಂಗ್ಲಿಷ್‌ನಲ್ಲಿ ಓದುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಈ ಟಿಪ್ಪಣಿಯಲ್ಲಿರುವ ವಾಚನ ಹಾಗಿಲ್ಲ. ಇಲ್ಲಿ ಓದುವವರು ಒಬ್ಬರೇ, ಕೆನಡಾದ ಕವಿ ಮಿಶೆಲ್ ಲಾಲೋಂಡ್. ಕವಿತೆಯೂ ಒಂದೇ, ಅವರದೇ ‘ಸ್ಪೀಕ್ ವೈಟ್’. ಫ್ರೆಂಚ್ ಸಾಲುಗಳ ನಡುವೆ ಇಂಗ್ಲಿಷ್ ನುಗ್ಗುತ್ತದೆ. ಯಾಕೆ ನುಗ್ಗುತ್ತದೆ ಅನ್ನುವುದೇ ನಾವು ಕಲಿಯಬೇಕಾದ ಪಾಠ.

ಮೊದಲು ಜಾಗ ಮತ್ತು ದಿನ. ಕೆನಡಾದ ಕ್ವಿಬೆಕ್ ಪ್ರಾಂತ್ಯ, ಮಾಂಟ್ರಿಯಲ್ ನಗರ, ಜೆಸು ಸಭಾಂಗಣ. 1970ರ ಮಾರ್ಚ್ 27ರ ರಾತ್ರಿ. ಗಾಸ್ತೋಂ ಮಿರೋಂ, ಕ್ಲೋದ್ ಗೋವ್ರೋ ಮೊದಲಾದ ಕವಿಗಳು ಒಬ್ಬರಾದ ಮೇಲೊಬ್ಬರು ಓದಿದರು. ಅದಕ್ಕೆ ‘ಕವಿತೆಯ ರಾತ್ರಿ’ ಎಂದೇ ಹೆಸರು. ಜಾಂ-ಕ್ಲೋದ್ ಲಾಬ್ರೆಕ್ ಮತ್ತು ಜಾಂ-ಪಿಯೆರ್ ಮಾಸ್ ಅದನ್ನು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಚಿತ್ರೀಕರಿಸಿದರು. ಆ ದಾಖಲೆ ಉಳಿದಿರುವುದರಿಂದಲೇ ನಾವು ಇವತ್ತು ಮಿಶೆಲ್ ಲಾಲೋಂಡ್ ಅವರ ದನಿಯನ್ನು ಕೇಳಬಹುದು. ಅವರು 1937ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು.

‘ಸ್ಪೀಕ್ ವೈಟ್’ ಅಂದರೆ ‘ಬಿಳಿಯರ ಭಾಷೆ ಮಾತಾಡು’. ಅಂಗಡಿಯಲ್ಲೋ ಕೆಲಸದ ಜಾಗದಲ್ಲೋ ಯಾರಾದರೂ ಫ್ರೆಂಚ್ ಮಾತಾಡಿದರೆ ಇಂಗ್ಲಿಷಿನವರು ಅವರ ಮುಖಕ್ಕೆ ಎಸೆಯುತ್ತಿದ್ದ ಬೈಗುಳ ಅದು. ಫ್ರೆಂಚ್ ಕೆನಡಿಯನ್ನರ ಚರ್ಮವೂ ಬಿಳಿಯೇ. ಹಾಗಾಗಿ ಇಲ್ಲಿ ಬಿಳಿ ಅನ್ನುವುದು ಚರ್ಮದ ಬಣ್ಣವಲ್ಲ, ಧಣಿಯ ಬಣ್ಣ. ಕ್ವಿಬೆಕ್‌ನಲ್ಲಿ ಜಾಸ್ತಿ ಜನ ಫ್ರೆಂಚ್ ಮಾತಾಡುವವರು. ಆದರೂ ಕಾರ್ಖಾನೆಯ ಯಜಮಾನರ ಭಾಷೆ, ಬ್ಯಾಂಕಿನ ಭಾಷೆ, ಬಡ್ತಿಯ ಭಾಷೆ ಇಂಗ್ಲಿಷ್ ಆಗಿತ್ತು. ಎರಡು ಭಾಷೆಗಳ ಸ್ಥಿತಿ ವಿಚಾರಿಸಲು ಕೆನಡಾ ಸರ್ಕಾರ 1963ರಲ್ಲಿ ನೇಮಿಸಿದ ರಾಯಲ್ ಆಯೋಗ ಅಲ್ಲಿನ 1961ರ ವರಮಾನದ ಲೆಕ್ಕ ನೋಡಿತು. 14 ಮೂಲದ ಜನರಲ್ಲಿ ಫ್ರೆಂಚ್ ಮೂಲದವರ ಸ್ಥಾನ 12ನೆಯದು. ಈ ಒಂದು ಅಂಕಿ ತಲೆಯಲ್ಲಿದ್ದರೆ ಸಾಕು, ಕವಿತೆಯಲ್ಲಿ ಮೇಸ್ತ್ರಿ, ಲಾಭ, ಶೇಕಡಾವಾರು ಇವೆಲ್ಲ ಯಾಕೆ ಬರುತ್ತವೆ ಅಂತ ಗೊತ್ತಾಗುತ್ತದೆ.

ಕವಿತೆ ಬರೆದದ್ದು 1968ರಲ್ಲಿ. ಕ್ವಿಬೆಕ್ ಸ್ವತಂತ್ರ ದೇಶವಾಗಬೇಕೆಂದು ಹೋರಾಡಿ ಜೈಲಿನಲ್ಲಿದ್ದ ಪಿಯೆರ್ ವಾಲಿಯೆರ್ ಮತ್ತು ಶಾರ್ಲ್ ಗಾಂಯೋಂ ಅವರ ಬೆಂಬಲಕ್ಕೆ ನಡೆದ ಕಾರ್ಯಕ್ರಮವೊಂದಕ್ಕಾಗಿ ಬರೆದದ್ದು. ಅಂದರೆ ಇದು ಹುಟ್ಟಿದ್ದೇ ವೇದಿಕೆಗೆ. ಅಚ್ಚಿನಲ್ಲಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈಗ ಕೇಳುವ ಬಗೆ. ಮೊದಲ ಸಲ ಅರ್ಥದ ಗೊಡವೆಗೇ ಹೋಗಬೇಡಿ. ಪೆನ್ಸಿಲ್ ಹಿಡಿದು ಕೂತು, ‘ಸ್ಪೀಕ್ ವೈಟ್’ ಬಂದಾಗಲೆಲ್ಲ ಒಂದು ಗೆರೆ ಎಳೆಯಿರಿ. ನಮ್ಮ ಪದಗಳಲ್ಲಿ ಪಲ್ಲವಿ ತಿರುಗಿ ಬರುವ ಹಾಗೆ ಅದು ತಿರುಗಿ ಬರುತ್ತದೆ. ಆದರೆ ಅರ್ಥ ಮಾತ್ರ ಪ್ರತಿ ಸಲವೂ ಜರುಗುತ್ತದೆ. ಶುರುವಿನಲ್ಲಿ ಅದರಲ್ಲಿ ಒಂದು ನಯವಿದೆ. ಮಿಲ್ಟನ್, ಬೈರನ್, ಶೆಲ್ಲಿ, ಕೀಟ್ಸ್ ಅವರ ಹಾಗೆ ನೀವು ಮಾತಾಡುವುದು ಕೇಳಲು ಎಷ್ಟು ಚೆಂದ ಅನ್ನುವ ಧಾಟಿ. ನಮ್ಮ ಬಳಿ ಉತ್ತರಕ್ಕೆ ಇರುವುದು ಹಿರಿಯರ ಒರಟು ಹಾಡುಗಳು ಮತ್ತು ನೆಲ್ಲಿಗನ್‌ನ ದುಃಖ ಮಾತ್ರ, ಕ್ಷಮಿಸಿ ಎನ್ನುತ್ತದೆ ಕವಿತೆ.

ಈ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಿ. ಎಮಿಲ್ ನೆಲ್ಲಿಗನ್ (1879–1941) ಮಾಂಟ್ರಿಯಲ್‌ನ ಕವಿ. ಅಪ್ಪ ಐರ್ಲೆಂಡಿನಿಂದ ಬಂದವರು, ಇಂಗ್ಲಿಷ್ ಮಾತಾಡುವವರು. ಅಮ್ಮ ಫ್ರೆಂಚ್ ಕೆನಡಿಯನ್. ಮಗ ಅಮ್ಮನ ಭಾಷೆಯಲ್ಲಿ ಬರೆದ. ಇಪ್ಪತ್ತು ತುಂಬುವ ಮೊದಲೇ, 1899ರಲ್ಲಿ, ಮಾನಸಿಕ ಆಸ್ಪತ್ರೆ ಸೇರಿದ. ಉಳಿದ ಬದುಕೆಲ್ಲ ಅಂಥ ಆಸ್ಪತ್ರೆಗಳಲ್ಲೇ ಕಳೆಯಿತು. ಇಷ್ಟನ್ನೂ ಲಾಲೋಂಡ್ ವಿವರಿಸುವುದಿಲ್ಲ. ಸುಮ್ನೆ ಹೆಸರು ಹೇಳುತ್ತಾರೆ. ಸಭೆಗೆ ಅಷ್ಟೇ ಸಾಕು.

ಆಮೇಲೆ ‘ಜೋರಾಗಿ’ ಅನ್ನುವ ಪದ ಸೇರಿಕೊಳ್ಳುತ್ತದೆ. ಬಿಳಿಯಾಗಿ, ಜೋರಾಗಿ ಮಾತಾಡಿ. ಯಾಕೆ ಜೋರಾಗಿ? ನಾವು ಯಂತ್ರಗಳ ಪಕ್ಕದಲ್ಲೇ ಬದುಕುವವರು, ನಮ್ಮ ಕಿವಿ ಸ್ವಲ್ಪ ಮಂದ. ನನಗೆ ಇಡೀ ಕವಿತೆಯಲ್ಲಿ ಮೈ ಜುಮ್ಮೆನ್ನಿಸುವ ಜಾಗ ಇದು. ಭಾಷೆಯ ಜಗಳ ಇಲ್ಲಿ ಇದ್ದಕ್ಕಿದ್ದ ಹಾಗೆ ಮೈಮೇಲಿನ ಗಾಯವಾಗುತ್ತದೆ.

ಎರಡನೇ ಸಲ ಕೇಳುವಾಗ ಕೊನೆಯ ಭಾಗಕ್ಕೆ ಗಮನ ಕೊಡಿ. ಇಂಗ್ಲಿಷ್ ಕೆಟ್ಟದ್ದು, ಫ್ರೆಂಚ್ ಒಳ್ಳೆಯದು ಅಂತ ಕವಿತೆ ಹೇಳುತ್ತದೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಹಾಗೆ ಹೇಳುವುದಿಲ್ಲ. ವಿಯೆಟ್ನಾಂ, ಕಾಂಗೋಗಳಲ್ಲಿ ಫ್ರೆಂಚ್ ಕೂಡ ಭಯಂಕರ ಬಿಳಿಯಾಗಿತ್ತು ಅನ್ನುತ್ತದೆ. ಜರ್ಮನ್ ಬರುತ್ತದೆ, ನಾಜಿಗಳು ಯಹೂದಿಗಳಿಗೆ ತೊಡಿಸಿದ ಹಳದಿ ನಕ್ಷತ್ರದ ಜೊತೆ. ರಷ್ಯನ್ ಬರುತ್ತದೆ. ಆಳುವವರ ಬಾಯಿಗೆ ಬಿದ್ದ ಭಾಷೆ ಯಾವುದೇ ಇರಲಿ, ಬಿಳಿಯಾಗುತ್ತದೆ. ಪರೀಕ್ಷೆಯಲ್ಲಿ ಈ ಕವಿತೆಯ ಬಗ್ಗೆ ಬರೆಯುವವರು ಈ ಸಾಲುಗಳನ್ನು ಬಿಟ್ಟರೆ ಉತ್ತರ ಅರ್ಧಕ್ಕೇ ನಿಂತ ಹಾಗೆ.

ಇದಕ್ಕೆ ಎದುರುತ್ತರವೂ ಬಂತು. ಇಟಲಿಯಿಂದ ವಲಸೆ ಬಂದ ಮಾರ್ಕೊ ಮಿಕೋನೆ 1989ರಲ್ಲಿ ‘ಸ್ಪೀಕ್ ವಾಟ್’ ಬರೆದರು. ಅಷ್ಟು ಹೊತ್ತಿಗೆ ಕ್ವಿಬೆಕ್‌ನಲ್ಲಿ 1977ರ ಭಾಷಾ ಕಾನೂನು ಬಂದು ಫ್ರೆಂಚ್ ಗಟ್ಟಿಯಾಗಿತ್ತು. ಹೊಸದಾಗಿ ಬಂದವರ ಮಾತಿಗೆ ಇಲ್ಲಿ ಜಾಗವಿದೆಯೇ ಅನ್ನುವುದು ಅವರ ಪ್ರಶ್ನೆ. ಎರಡನ್ನೂ ಒಟ್ಟಿಗೇ ಓದುವುದು ಒಳ್ಳೆಯದು.

ಇನ್ನು ಉಚ್ಚಾರಣೆ. ಕೊನೆಯ ಸಾಲುಗಳನ್ನು ದನಿಯ ಜೊತೆಗೇ ಹೇಳಿ ಅಭ್ಯಾಸ ಮಾಡಿ. ನೀವು ಮರ್ಯಾದೆಯಿಂದ ‘ಹೌ ಡು ಯು ಡು’ ಅಂತ ಕೇಳಿದಾಗ ನಾವು ಚೆನ್ನಾಗಿದ್ದೇವೆ ಅಂತ ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತೇವೆ ಅನ್ನುತ್ತದೆ ಕವಿತೆ. ಅದರ ಬೆನ್ನಿಗೇ ‘ವಿ ಆರ್ ನಾಟ್ ಅಲೋನ್’. ಆಮೇಲೆ ಫ್ರೆಂಚ್: ‘ನೂ ಸಾವೋಂ ಕ ನೂ ನ ಸೊಮ್ ಪಾ ಸೆಲ್’. ‘ಸಾವೋಂ’ ಕೊನೆಯಲ್ಲಿ ತುಟಿ ಮುಚ್ಚಬೇಡಿ, ಮೂಗಿನಿಂದ ಉಸಿರು ಬಿಡಿ, ಅಷ್ಟೆ. ‘ಸೆಲ್’ನ ಸ್ವರ ಕನ್ನಡದಲ್ಲಿಲ್ಲ. ‘ಎ’ ಅನ್ನುತ್ತಾ ತುಟಿಯನ್ನು ‘ಒ’ಗೆ ಮಾಡುವ ಹಾಗೆ ದುಂಡಗೆ ಮಾಡಿ.

ಎರಡೂ ಸಾಲು ಹೇಳುವುದು ಒಂದನ್ನೇ, ನಾವು ಒಂಟಿಯಲ್ಲ ಅಂತ. ಆದರೆ ಅಳೆದು ನೋಡಿ, ಫ್ರೆಂಚ್ ಸಾಲು ಉದ್ದವಿದೆ. ಧಣಿಯ ಭಾಷೆಯಲ್ಲಿ ಹೇಳದೆ ಉಳಿಸಿಕೊಂಡದ್ದು ಅಲ್ಲಿದೆ: ‘ನೂ ಸಾವೋಂ’, ನಮಗೆ ಗೊತ್ತು.