ನಡುಗದ ಕೂಸಿಗೆ ಚಳಿ ಇಲ್ಲವೇ?

ಪ್ರಶ್ನೆ: ಮಗಳು ಬಾಣಂತನಕ್ಕ ಗದಗಿಗೆ ಬಂದಾಳ. ಕೂಸಿಗೆ ಹನ್ನೆರಡು ದಿನ. ನಸುಕಿನಾಗ ನಾವು ಕೌದಿ ಹೊತ್ತರೂ ನಡುಗತೀವಿ. ಕೂಸು ಮಾತ್ರ ನಡುಗೂದಿಲ್ಲ. ಅದಕ್ಕ ಚಳಿ ಹತ್ತೂದಿಲ್ಲೇನ್ರಿ?

ಹತ್ತುತ್ತದೆ ಅಕ್ಕಾರೇ, ನಮಗಿಂತ ಜಾಸ್ತಿನೇ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡದು, ತಲೆಯಂತೂ ಇನ್ನೂ ದೊಡ್ಡದು. ಮೈಯ ಬಿಸಿ ಬೇಗ ಸೋರಿ ಹೋಗುತ್ತದೆ. ನಾವು ನಡುಗಿದಾಗ ಸ್ನಾಯುಗಳು ಅದುರಿ ಬಿಸಿ ಹುಟ್ಟಿಸುತ್ತವೆ. ಎಳೆಗೂಸಿಗೆ ಅದು ಸರಿಯಾಗಿ ಬರುವುದಿಲ್ಲ. ಅದರ ಬಳಿ ಬೇರೆ ಒಲೆ ಇದೆ: ಕಂದು ಕೊಬ್ಬು. ಕುತ್ತಿಗೆಯ ಸುತ್ತ, ಬೆನ್ನಿನಲ್ಲಿ ಎರಡು ಹೆಗಲ ಮೂಳೆಗಳ ನಡುವೆ, ಕಿಡ್ನಿಗಳ ಸುತ್ತ ಅದು ಕೂತಿರುತ್ತದೆ.

ನಮ್ಮ ಹೊಟ್ಟೆಯ ಬಿಳಿ ಕೊಬ್ಬು ಕಣಜ ಇದ್ದಂತೆ, ಕೂಡಿಡುವುದೇ ಅದರ ಕೆಲಸ. ಕಂದು ಕೊಬ್ಬು ಉರಿಸುತ್ತದೆ. ಅದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾಗಳು, ಅಂದರೆ ಆಹಾರ ಉರಿಸಿ ಶಕ್ತಿ ತೆಗೆಯುವ ಪುಟ್ಟ ಘಟಕಗಳು, ಕಿಕ್ಕಿರಿದಿರುತ್ತವೆ. ಅವುಗಳಲ್ಲಿ ಕಬ್ಬಿಣ ಇರುವುದರಿಂದಲೇ ಈ ಕಂದು ಬಣ್ಣ.

ಬಿಸಿ ಹೇಗೆ ಬರುತ್ತದೆ? ನವಿಲುತೀರ್ಥದ ಅಣೆಕಟ್ಟನ್ನು ನೆನೆಸಿಕೊಳ್ಳಿ. ನಿಂತ ನೀರನ್ನು ಚಕ್ರದ ಮೇಲೆ ಬಿಟ್ಟರೆ ಕೆಲಸ ಆಗುತ್ತದೆ. ಮೈಟೊಕಾಂಡ್ರಿಯಾ ಕೂಡ ಹಾಗೆಯೇ. ಆಹಾರ ಉರಿಸಿ, ಪ್ರೋಟಾನ್ ಎಂಬ ಕಣಗಳನ್ನು ಒಂದು ಪೊರೆಯ ಆಚೆ ಒತ್ತಿ ಇಡುತ್ತದೆ. ಅವು ವಾಪಸ್ ಬರುವಾಗ ಚಕ್ರ ತಿರುಗಿ, ಶಕ್ತಿ ಹೊತ್ತೊಯ್ಯುವ ಎಟಿಪಿ ಎಂಬ ರಾಸಾಯನಿಕ ತಯಾರಾಗುತ್ತದೆ. ಮೈಯ ಎಲ್ಲ ಕೆಲಸಕ್ಕೂ ಅದೇ ಚಿಲ್ಲರೆ ಹಣ. ಕಂದು ಕೊಬ್ಬಿನಲ್ಲಿ ಮಾತ್ರ ಪಕ್ಕಕ್ಕೆ ಇನ್ನೊಂದು ತೂಬು ಇದೆ, ಯುಸಿಪಿ-1 ಎಂಬ ಪ್ರೋಟೀನ್. ಚರ್ಮಕ್ಕೆ ತಂಪು ತಾಗಿದಾಗ ಮಿದುಳು ನರಗಳ ಮೂಲಕ ಸುದ್ದಿ ಕಳಿಸಿ ಈ ತೂಬು ತೆರೆಸುತ್ತದೆ. ಪ್ರೋಟಾನ್‌ಗಳು ಚಕ್ರ ತಪ್ಪಿಸಿ ನುಗ್ಗುತ್ತವೆ, ಎಟಿಪಿ ಆಗುವುದಿಲ್ಲ. ಆ ಶಕ್ತಿಯೆಲ್ಲ ಬಿಸಿಯಾಗಿ ರಕ್ತಕ್ಕೆ ಸೇರುತ್ತದೆ. ಎಷ್ಟು ಚಂದದ ಏರ್ಪಾಡು, ಅಲ್ವಾ?

ಆದರೆ ಈ ಒಲೆಗೆ ಸೌದೆ ಬೇಕು. ಕೂಸು ತಂಪಿನಲ್ಲೇ ಇದ್ದರೆ ಕೊಬ್ಬು, ಸಕ್ಕರೆ, ಆಮ್ಲಜನಕ ಎಲ್ಲ ಅದಕ್ಕೇ ಸುರಿಯುತ್ತವೆ. ಕುಡಿದ ಹಾಲು ಮೈಗೆ ಹತ್ತುವುದಿಲ್ಲ, ತೂಕ ಏರುವುದು ನಿಧಾನವಾಗುತ್ತದೆ, ರಕ್ತದ ಸಕ್ಕರೆ ಇಳಿಯಲೂಬಹುದು. ದಿನ ತುಂಬದೆ ಹುಟ್ಟಿದ ಕೂಸಿಗಂತೂ ಕಂದು ಕೊಬ್ಬೇ ಕಡಿಮೆ. ಅದು ಜಾಸ್ತಿ ಕೂಡುವುದು ಬಸಿರಿನ ಕೊನೆಯ ತಿಂಗಳುಗಳಲ್ಲಿ.

ದೊಡ್ಡವರಲ್ಲೂ ಸ್ವಲ್ಪ ಕಂದು ಕೊಬ್ಬು ಉಳಿದು ಕೆಲಸ ಮಾಡುತ್ತದೆ ಎಂದು 2009ರಲ್ಲಿ ಸ್ಕ್ಯಾನ್‌ಗಳಿಂದ ಗಟ್ಟಿಯಾಯಿತು. ಅದನ್ನು ನಂಬಿ ಬೊಜ್ಜು ಕರಗಲಿ ಅಂತ ಸುಮ್ನೆ ತಣ್ಣೀರು ಸುರಿದುಕೊಳ್ಳಬೇಡಿ. ಅಷ್ಟು ಬಲ ಅದಕ್ಕಿಲ್ಲ.

ಇನ್ನು ಕೂಸಿನ ವಿಷಯ. ನಡುಕ ನೋಡಬೇಡಿ, ಮುಟ್ಟಿ ನೋಡಿ. ಹೊಟ್ಟೆ, ಅಂಗಾಲು ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಒಲೆ ಆಗಲೇ ಉರಿಯುತ್ತಿದೆ ಎಂದುಕೊಳ್ಳಿ. ಕುಲಾವಿ ಹಾಕಿ, ಬರೀ ಮೈಯ ಕೂಸನ್ನು ತಾಯಿಯ ಎದೆಗೆ ಅವಚಿ, ಮೇಲೆ ಹೊದಿಸಿ, ಹಾಲು ಕುಡಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆ ಇಡಲೇಬೇಡಿ, ಅದರ ವಿಷಗಾಳಿ ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು. ಹೊಟ್ಟೆಯೂ ತಣ್ಣಗಾಗಿದ್ದರೆ, ಅಥವಾ ಕೂಸು ಹಾಲು ಬಿಟ್ಟಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಎದೆಗೆ ಅವಚಿಕೊಂಡೇ ಆಸ್ಪತ್ರೆಗೆ ಹೊರಡಿ.