ಬೇಸ್ ಗಿಟಾರ್ ಮತ್ತು ಪೆಡಲ್: ಕೆಳದನಿಯ ಲೆಕ್ಕ ಹಿಡಿದು ಕಲಿಯೋಣ

ಬೇಸ್‌ಗೆ ಯಾವ ಪೆಡಲ್ (ದನಿ ಬದಲಿಸಲು ವಾದ್ಯ ಮತ್ತು ಆಂಪ್ಲಿಫೈಯರ್ ನಡುವೆ ಜೋಡಿಸಿ ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ) ತಗೊಳ್ಳಲಿ ಅಂತ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಕಲಿಯುವವರು ಆಗಾಗ ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಆದರೆ ಲೀಡ್ ಗಿಟಾರಿನವರು ಹೇಳಿದ್ದನ್ನೆಲ್ಲ ಬೇಸ್‌ಗೆ ಹಾಗೇ ಅನ್ವಯಿಸಿದರೆ ಕೆಲಸ ಕೆಡುತ್ತದೆ. ಯಾವ ಪೆಡಲ್ ಕೈಗೆ ಬಂದರೂ ನಾನು ಎರಡು ವಿಷಯ ನೋಡುತ್ತೇನೆ. ಕೆಳಗಿನ ಮೂಲದನಿ ಉಳಿಯಿತಾ? ಅದರ ಮೇಲೆ ಹುಟ್ಟುವ ದನಿಗಳಿಗೆ ಏನಾಯಿತು? ಈ ಟಿಪ್ಪಣಿಯಲ್ಲಿ ಎಲ್ಲವನ್ನೂ ಇದೇ ದಾರಿಯಲ್ಲಿ ವಿವರಿಸುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ನಾಲ್ಕು ತಂತಿಯ ಬೇಸ್‌ನಲ್ಲಿ ಬಿಟ್ಟ (ಬೆರಳಿನಿಂದ ಒತ್ತದ) ಇ ತಂತಿ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ, ಅಂದರೆ 41.2 ಹರ್ಟ್ಸ್. ಎ ತಂತಿ 55, ಡಿ 73.4, ಜಿ 98 ಹರ್ಟ್ಸ್. ತಂತಿ ಮೀಟಿದಾಗ ಬರೋದು ಇದೊಂದೇ ದನಿ ಅಲ್ಲ. ಇ ತಂತಿಯಲ್ಲಿ 41ರ ಜೊತೆಗೆ 82, 124, 165 ಹೀಗೆ ಮೇಲುದನಿಗಳ ಸಾಲೇ ಇರುತ್ತದೆ.

ಈಗ ನಮ್ಮ ಊರಿನ ವೇದಿಕೆಗೆ ಬನ್ನಿ. ಜಾತ್ರೆಯ ಗದ್ದೆಯಲ್ಲಿ ರಸಮಂಜರಿ. ಎರಡೂ ಕಡೆ ಟಾಪ್ ಬಾಕ್ಸ್‌ಗಳು. ಸಬ್ (ಕೆಳದನಿಗೆಂದೇ ಇರುವ ದೊಡ್ಡ ಸ್ಪೀಕರ್) ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾನ್ಯ ಟಾಪ್ ಬಾಕ್ಸ್‌ನಲ್ಲಿ 50-60 ಹರ್ಟ್ಸ್‌ನ ಕೆಳಗೆ ದನಿ ಬೇಗ ಕುಗ್ಗುತ್ತದೆ. ಹಾಗಾದರೆ 41 ಹರ್ಟ್ಸ್ ಜನರ ಕಿವಿಗೆ ಮುಟ್ಟುವುದು ತೀರಾ ಕಡಿಮೆ. ಆದರೂ ಹಿಂದೆ ಕೂತವರಿಗೂ ಆ ಸ್ವರ ಇ ಅಂತಲೇ ಕೇಳುತ್ತದೆ. ಕಾರಣ ನಮ್ಮ ಕಿವಿ ಮತ್ತು ಮಿದುಳು. 82, 124, 165 ಒಟ್ಟಿಗೆ ಕೇಳಿದರೆ ಅವುಗಳ ಮೂಲ 41 ಎಂದು ಮಿದುಳೇ ಊಹಿಸಿಕೊಳ್ಳುತ್ತದೆ. ಮೊಬೈಲ್‌ನ ಪುಟ್ಟ ಸ್ಪೀಕರಿನಲ್ಲೂ ಬೇಸ್‌ನ ನಡೆ ಗುರುತು ಸಿಗೋದು ಇದರಿಂದಲೇ.

ಇದು ಮನಸ್ಸಿಗೆ ಬಂದರೆ ಅರ್ಧ ಪಾಠ ಮುಗಿದ ಹಾಗೆ. ಬೇಸ್ ಕೇಳುತ್ತಿಲ್ಲ ಅಂದ ಕೂಡಲೇ ಬೇಸ್ ನಾಬ್ ತಿರುಗಿಸಬೇಡಿ. ಸ್ಪೀಕರಿಗೆ ಆಗದ ದನಿಯನ್ನು ಜಾಸ್ತಿ ಮಾಡಿದರೆ ಆಂಪ್ಲಿಫೈಯರಿನ ಶಕ್ತಿ ಸುಮ್ನೆ ಹಾಳು. ಬಯಲಿನಲ್ಲಿ ಹಾಡನ್ನು ಹಿಡಿದು ನಿಲ್ಲಿಸುವುದು 80ರಿಂದ 300 ಹರ್ಟ್ಸ್‌ವರೆಗಿನ ಭಾಗ. ಬೆರಳಿನ ಸ್ಪಷ್ಟತೆ 700ರಿಂದ 1000ದ ಆಸುಪಾಸಿನಲ್ಲಿ ಇರುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ನಡುದನಿ ಕಡಿಮೆ ಮಾಡಿದರೆ ತುಂಬಾ ಚಂದ ಕೇಳುತ್ತದೆ. ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ ಸೇರಿದ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಬೇಸ್ ಎಲ್ಲಿದೆ ಅಂತಲೇ ತಿಳಿಯೋದಿಲ್ಲ.

ವಾದ್ಯದ ಬಗ್ಗೆ

ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದದ್ದು 1951ರಲ್ಲಿ. ಅದರ 34 ಇಂಚಿನ ತಂತಿಯ ಅಳತೆಯೇ ಇಂದಿಗೂ ಹೆಚ್ಚಿನ ಬೇಸ್‌ಗಳಲ್ಲಿದೆ. 1957ರಲ್ಲಿ ಅದಕ್ಕೆ ಎರಡು ತುಂಡಾಗಿ ಸೀಳಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸುರುಳಿ) ಬಂತು. ಒಂದು ತುಂಡು ಇ ಮತ್ತು ಎ ತಂತಿಗಳ ಕೆಳಗೆ, ಇನ್ನೊಂದು ಡಿ ಮತ್ತು ಜಿ ಕೆಳಗೆ. ಎರಡೂ ಸುರುಳಿಗಳಿಗೆ ಹೊರಗಿನ ಹಮ್ (ಕರೆಂಟಿನಿಂದ ಸೇರುವ ಗುಂಯ್ ಸದ್ದು) ಒಟ್ಟಿಗೇ ಬರುತ್ತದೆ. ಆದರೆ ಅವುಗಳನ್ನು ಜೋಡಿಸಿದ ರೀತಿಯಲ್ಲಿ ಹಮ್ ಒಂದನ್ನೊಂದು ಕಳೆಯುತ್ತದೆ, ತಂತಿಯ ದನಿ ಉಳಿಯುತ್ತದೆ. 1960ರ ಜಾಝ್ ಬೇಸ್‌ನಲ್ಲಿ ಬೇರೆ ಬೇರೆ ಜಾಗದಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿವೆ. ಎರಡರ ವಾಲ್ಯೂಮ್ ಪೂರ್ತಿ ತೆರೆದರೆ ಹಮ್ ಅಡಗುತ್ತದೆ. ಒಂದನ್ನು ತುಸು ಇಳಿಸಿದರೆ ಗುಂಯ್ ಅಂತ ವಾಪಸ್ ಬರುತ್ತದೆ. ಜಾಝ್ ಮಾದರಿಯ ಬೇಸ್ ಇರುವವರು ಇವತ್ತೇ ನಾಬ್ ತಿರುಗಿಸಿ ಕೇಳಿ. ಎಷ್ಟೋ ಸಲ ಪೆಡಲ್‌ನ ತಪ್ಪು ಅಂದುಕೊಂಡದ್ದು ಈ ನಾಬ್‌ನ ಕೆಲಸವಾಗಿರುತ್ತದೆ.

ಹಮ್ ಬಗ್ಗೆ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ನಮ್ಮ ಕರೆಂಟು 50 ಹರ್ಟ್ಸ್‌ನದು. ಇ ತಂತಿಯ 3ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಅಂದರೆ ಹಮ್ ಕೂಡ ಹೆಚ್ಚುಕಡಿಮೆ ಜಿ ಸ್ವರವೇ! ಸರಿಯಾದ ಜಿಗಿಂತ ಸುಮಾರು 35 ಸೆಂಟ್ ಮೇಲೆ ನಿಲ್ಲುತ್ತದೆ, ಅಂದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು. ಸ್ಪೀಕರಿನಲ್ಲಿ ಹಮ್ ಇರುವಾಗ ಬಿಟ್ಟ ಜಿ ತಂತಿಯನ್ನು ಮೀಟಿ ಉದ್ದಕ್ಕೆ ಬಿಡಿ. ತಂತಿ 98, ಹಮ್‌ನ ಮೇಲುದನಿ 100. ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿಯೋದು ಕೇಳುತ್ತದೆ. ಹಾಡು ಜಿ ಶ್ರುತಿಯಲ್ಲಿದ್ದರೆ ಬೇಸ್ ಶ್ರುತಿ ತಪ್ಪಿದ ಹಾಗೆ ಅನಿಸುತ್ತದೆ. ಟ್ಯೂನರ್ ನೋಡಿದರೆ ಎಲ್ಲ ಸರಿ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಲೋಡ್ ಏರಿಳಿದಂತೆ ಈ 50 ಕೂಡ ಅತ್ತಿತ್ತ ಆಗುತ್ತದೆ. ಆಗ ಹಮ್‌ನ ಸ್ವರವೂ ಜಾರುತ್ತದೆ.

ಶ್ರುತಿಯ ಮಾತು ಬಂತು, ಐದು ತಂತಿಯ ಬೇಸ್ ಬೇಕಾ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳುತ್ತೇನೆ. ಕಾಸರಗೋಡಿನಲ್ಲಿ ಒಂದೇ ರಾತ್ರಿ ಕನ್ನಡ ಭಾವಗೀತೆ, ತುಳು ಹಾಡು, ಮಲಯಾಳದ ಮಾಪ್ಪಿಳಪ್ಪಾಟ್ಟು, ಹಿಂದಿ ಸಿನಿಮಾ ಹಾಡು ಎಲ್ಲ ಬರುತ್ತದೆ. ಭಜನೆ, ಯಕ್ಷಗಾನದ ಹಿನ್ನೆಲೆಯಿಂದ ಬಂದವರು ಶ್ರುತಿಯನ್ನು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡು, ಬಿಳಿ ಒಂದು ಅಂತ ಹೇಳುತ್ತಾರೆ. ಬಿಳಿ ಒಂದು ಅಂದರೆ ಸಿ, ಎ ತಂತಿಯ 3ನೇ ಫ್ರೆಟ್. ಕಪ್ಪು ಎರಡು ಅಂದರೆ ಡಿ ಶಾರ್ಪ್, ಎ ತಂತಿಯ 6ನೇ ಫ್ರೆಟ್. ಅದರ ಕೆಳಗಿನ ಡಿ ಶಾರ್ಪ್ 38.9 ಹರ್ಟ್ಸ್. ಅದು ನಾಲ್ಕು ತಂತಿಯ ಬೇಸ್‌ನಲ್ಲಿ ಸಿಗೋದಿಲ್ಲ. ಐದು ತಂತಿಯಲ್ಲಿ ಬಿ ತಂತಿಯ 4ನೇ ಫ್ರೆಟ್‌ನಲ್ಲಿ ಸಿಗುತ್ತದೆ. ಬಿಟ್ಟ ಬಿ ತಂತಿ 30.9 ಹರ್ಟ್ಸ್‌ವರೆಗೂ ಇಳಿಯುತ್ತದೆ. ಆದರೆ ಸ್ಪೀಕರಿನ ಲೆಕ್ಕ ನೆನಪಿದೆ ಅಲ್ವಾ? ಬರೀ ಆಳದ ಆಸೆಗೆ ಐದು ತಂತಿ ಬೇಡ. ಕೈಯನ್ನು 5-6ನೇ ಫ್ರೆಟ್‌ನಲ್ಲೇ ಇಟ್ಟುಕೊಂಡು ಎಲ್ಲ ಶ್ರುತಿಗಳಿಗೂ ಹೋಗಬಹುದು ಅನ್ನೋದು ಅದರ ನಿಜವಾದ ಲಾಭ. ಗಾಯಕರು ನಿಂತ ನಿಲುವಿನಲ್ಲೇ ಶ್ರುತಿಯನ್ನು ಅರ್ಧಸ್ವರ ಏರಿಸಿದರೆ ಅದರ ಬೆಲೆ ಗೊತ್ತಾಗುತ್ತದೆ.

ಆಕ್ಟಿವ್, ಪ್ಯಾಸಿವ್ ವ್ಯತ್ಯಾಸ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಪ್ಯಾಸಿವ್ ಬೇಸ್‌ನ ಟೋನ್ ನಾಬ್ ಮೇಲುದನಿಯನ್ನು ಕಡಿಮೆ ಮಾಡಬಲ್ಲದು, ಹೆಚ್ಚಿಸಲಾರದು. ಆಕ್ಟಿವ್ ಬೇಸ್‌ನ ಒಳಗೆ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಪ್ರಿಆಂಪ್ (ದನಿ ಹಿಗ್ಗಿಸುವ ಪುಟ್ಟ ಸರ್ಕ್ಯೂಟ್) ಇರುತ್ತದೆ, ಅದು ಎರಡೂ ಮಾಡುತ್ತದೆ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಂದ ಮೇಲೆ ಇದು ಜನಪ್ರಿಯವಾಯಿತು. ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್. ಹಾಗಾಗಿ ನುಡಿಸಿ ಆದ ಮೇಲೆ ಕೇಬಲ್ ಕಿತ್ತಿಡಿ.

ಪೆಡಲ್‌ಗಳ ಸಾಲು

ಬೇಸ್‌ನಿಂದ ಹೊರಟ ಕೇಬಲ್ ಮೊದಲು ಟ್ಯೂನರಿಗೆ. ಕೆಳಗಿನ ಇ ತಂತಿಯನ್ನು ಟ್ಯೂನರ್ ಓದಲು ತಡಬಡಿಸಿದರೆ 12ನೇ ಫ್ರೆಟ್‌ನ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಹಾರ್ಮೋನಿಕ್ ನುಡಿಸಿ. ಅದು 82 ಹರ್ಟ್ಸ್. ತಕ್ಷಣ ಹಿಡಿಯುತ್ತದೆ.

ಆಮೇಲೆ ಕಂಪ್ರೆಸರ್. ಇದನ್ನು ಅರ್ಥ ಮಾಡಿಕೊಳ್ಳಲು ಸಮಯ ಕೊಡಿ, ಬೇಸ್‌ಗೆ ಇದಕ್ಕಿಂತ ಉಪಕಾರಿಯಾದ ಪೆಡಲ್ ನನಗೆ ಕಂಡಿಲ್ಲ. ರೇಶಿಯೋ 4ಕ್ಕೆ 1 ಇಟ್ಟರೆ, ನೀವು ಗೊತ್ತುಮಾಡಿದ ಗೆರೆಯನ್ನು ದನಿ 8 ಡೆಸಿಬೆಲ್ ದಾಟಿದಾಗ 2 ಡೆಸಿಬೆಲ್ ಮಾತ್ರ ಹೊರಗೆ ಬರುತ್ತದೆ. ಜೋರಾದ ಏಟು, ಮೆಲ್ಲಗಿನ ಏಟು ಹತ್ತಿರ ಬರುತ್ತವೆ. ಇಷ್ಟು ಎಲ್ಲರೂ ಹೇಳುತ್ತಾರೆ. ಬೇಸ್‌ನವರು ಗಮನಿಸಬೇಕಾದದ್ದು ಅಟ್ಯಾಕ್ (ದನಿ ಗೆರೆ ದಾಟಿದ ಮೇಲೆ ಅದುಮಲು ಹಿಡಿಯುವ ಹೊತ್ತು) ಮತ್ತು ರಿಲೀಸ್ (ಅದುಮಿದ್ದನ್ನು ಬಿಡಲು ಹಿಡಿಯುವ ಹೊತ್ತು) ನಾಬ್‌ಗಳನ್ನು. ಇ ತಂತಿಯ ಒಂದು ಕಂಪನ ಮುಗಿಯಲು ಸುಮಾರು 24 ಮಿಲಿಸೆಕೆಂಡ್ ಬೇಕು. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ತುಂಬಾ ವೇಗವಾಗಿದ್ದರೆ ಕಂಪ್ರೆಸರ್ ಒಂದೊಂದು ಅಲೆಯ ಏರಿಳಿತವನ್ನೇ ಹಿಂಬಾಲಿಸಲು ಹೋಗುತ್ತದೆ. ಅಲೆಯ ಆಕಾರ ಕೆಡುತ್ತದೆ. ಕೆಳಗಿನ ಸ್ವರಗಳಲ್ಲಿ ಮಾತ್ರ ಒಂಥರಾ ಗರಗರ ಕೇಳಿದರೆ ಇದೇ ಕಾರಣ ಇರಬಹುದು. ಅಟ್ಯಾಕ್ 20-30 ಮಿಲಿಸೆಕೆಂಡ್ ಇಟ್ಟು ನೋಡಿ. ಬೆರಳು ತಂತಿಗೆ ತಾಗಿದ ಆ ಮೊದಲ ಏಟು ಹಾಗೇ ದಾಟುತ್ತದೆ, ಹಿಂದಿನ ಬಾಲ ಮಾತ್ರ ಹದಕ್ಕೆ ಬರುತ್ತದೆ. ರಿಲೀಸ್ ಹಾಡಿನ ಲಯ ನೋಡಿ ಇಡಬೇಕು. ಮುಂದಿನ ಏಟು ಬರುವ ಹೊತ್ತಿಗೆ ಪೆಡಲ್‌ನ ಮೀಟರ್ ವಾಪಸ್ ಇಳಿದಿರಲಿ.

ಆಕ್ಟೇವ್ ಪೆಡಲ್ ಒಂದು ಸ್ಥಾಯಿಯಷ್ಟು ಕೆಳಗಿನ ದನಿಯನ್ನು ಸೇರಿಸುತ್ತದೆ. ಬಾಸ್ ಕಂಪನಿಯ ಓಸಿ-2 ಬಂದದ್ದು 1982ರಲ್ಲಿ, ಬೇಸ್‌ನವರು ಅದನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಇಂಥ ಅನಲಾಗ್ ಆಕ್ಟೇವ್‌ಗೆ ಒಂದು ಸಲಕ್ಕೆ ಒಂದೇ ಸ್ವರ, ಅದೂ ಶುದ್ಧವಾಗಿ ಬೇಕು. ಹಾಗಾಗಿ ಡ್ರೈವ್‌ಗಿಂತ (ದನಿಯನ್ನು ಒರಟು ಮಾಡುವ ಓವರ್‌ಡ್ರೈವ್ ಪೆಡಲ್) ಮೊದಲೇ ಇಡಿ. ಇ ತಂತಿಯ ಕೆಳ ಫ್ರೆಟ್‌ಗಳಲ್ಲಿ ಅದರ ದನಿ ನಡುಗುತ್ತದೆ. ಇನ್ನೊಂದು ಲೆಕ್ಕ ನೋಡಿ: 41ರ ಅರ್ಧ ಸುಮಾರು 20.6 ಹರ್ಟ್ಸ್. ಅದು ಕೇಳುವ ಶಕ್ತಿಯ ಅಂಚು. ಆದ್ದರಿಂದ ಡಿ, ಜಿ ತಂತಿಗಳಲ್ಲಿ, 5ನೇ ಫ್ರೆಟ್‌ನ ಮೇಲೆ ನುಡಿಸಿ. ಆಗ ಅದು ಸಿಂತ್ ಬೇಸ್ ತರಹ ದಪ್ಪಗೆ ಕೇಳುತ್ತದೆ.

ಈಗ ಓವರ್‌ಡ್ರೈವ್. ನಮ್ಮಲ್ಲಿ ತುಂಬಾ ಜನ ಇದು ರಾಕ್‌ನವರಿಗೆ ಮಾತ್ರ ಅಂತ ದೂರ ಇಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಓವರ್‌ಡ್ರೈವ್ ಮಾಡುವ ಕೆಲಸವೇ ಮೇಲುದನಿಗಳನ್ನು ಹುಟ್ಟಿಸುವುದು. ಸಬ್ ಇಲ್ಲದ ವೇದಿಕೆಯಲ್ಲಿ ಮೂಲದನಿಯನ್ನು ಮಿದುಳಿಗೆ ನೆನಪಿಸುವುದು ಈ ಮೇಲುದನಿಗಳೇ. ಗೇನ್ (ಡ್ರೈವ್‌ನ ಪ್ರಮಾಣ) ಅನ್ನು ಬಹಳ ಕಡಿಮೆ ಇಡಿ. ಒಬ್ಬರೇ ನುಡಿಸುವಾಗ ತುಸು ಕೊರಕೊರ ಕೇಳಬೇಕು, ಎಲ್ಲರೂ ಸೇರಿದಾಗ ಅದು ಕೊರಕೊರ ಅಂತ ಗೊತ್ತೇ ಆಗಬಾರದು. ಭಾವಗೀತೆಯ ಹಿಂದೆ ಕೂಡ ಇಷ್ಟು ಡ್ರೈವ್ ಸಲೀಸಾಗಿ ಕೂರುತ್ತದೆ.

ಲೀಡ್ ಗಿಟಾರಿಗಾಗಿ ಮಾಡಿದ ಡ್ರೈವ್ ಪೆಡಲ್ ಹಾಕಿದರೆ ಕೆಳದನಿ ಮಾಯ. ಆ ಪೆಡಲ್‌ಗಳಲ್ಲಿ ಹೆಚ್ಚಿನವು ಕೆಳಭಾಗವನ್ನು ಬೇಕೆಂದೇ ಸೋಸಿ ತೆಗೆಯುತ್ತವೆ, ಇಲ್ಲದಿದ್ದರೆ ಗಿಟಾರ್ ಗೊಜ್ಜಾಗುತ್ತದೆ. ಬೇಸ್‌ನ ಪೆಡಲ್‌ನಲ್ಲಿ ಬ್ಲೆಂಡ್ ಅನ್ನುವ ನಾಬ್ ಇರಬೇಕು. ಬಾಸ್ ಕಂಪನಿಯ ಓಡಿಬಿ-3ರಲ್ಲಿ ಅದಕ್ಕೆ ಬ್ಯಾಲೆನ್ಸ್ ಎಂದು ಹೆಸರು. ಟೆಕ್ 21ರ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್‌ನಲ್ಲೂ ಬ್ಲೆಂಡ್ ಉಂಟು. ಇದು ಮೂಲ ಬೇಸ್‌ನ ದನಿಯನ್ನು ಕೆಡಿಸದೆ ಒಂದು ದಾರಿಯಲ್ಲಿ ಕಳಿಸಿ, ಡ್ರೈವ್ ಆದದ್ದನ್ನು ಇನ್ನೊಂದು ದಾರಿಯಲ್ಲಿ ತಂದು ಕೊನೆಗೆ ಬೆರೆಸುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಬ್ಲೆಂಡ್ ಪೂರ್ತಿ ಡ್ರೈವ್ ಕಡೆಗೆ ತಿರುಗಿಸಿ ಇ ತಂತಿ ಮೀಟಿ. ಆಮೇಲೆ ನಿಧಾನವಾಗಿ ವಾಪಸ್ ತನ್ನಿ. ಒಂದು ಜಾಗದಲ್ಲಿ ನೆಲ ಸಿಕ್ಕಿದ ಹಾಗೆ ಕೆಳದನಿ ಕೂರುತ್ತದೆ. ಅಲ್ಲಿಗೆ ನಿಲ್ಲಿಸಿ.

ದನಿಯನ್ನು ಹರಡುವ ಕೋರಸ್, ಮಾರುದನಿ ಕೊಡುವ ಡಿಲೇ, ಸಭಾಭವನದ ಗುಂಗು ತರುವ ರಿವರ್ಬ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಳಗಿನ ಸ್ವರಗಳ ಮೇಲೆ ಇವು ಬಿದ್ದರೆ ಶ್ರುತಿ ಓಲಾಡುತ್ತದೆ, ಲಯ ಮಸುಕಾಗುತ್ತದೆ. ತಗಡಿನ ಮಾಡಿನ ಸಭಾಭವನಗಳಲ್ಲಿ ರಿವರ್ಬ್ ಮೊದಲೇ ಬೇಕಾದಷ್ಟು ಇರುತ್ತದೆ.

ಸಾಲಿನ ಕೊನೆಗೆ ಡಿಐ, ಅಂದರೆ ಬೇಸ್‌ನ ದನಿಯನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳಿಸುವ ಪೆಟ್ಟಿಗೆ. ಪ್ಯಾಸಿವ್ ಬೇಸ್‌ನ ಪಿಕಪ್ ಸುಮಾರು 1 ಮೆಗಾಓಮ್‌ನಷ್ಟು ಇನ್‌ಪುಟ್ ಬಯಸುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ನೇರ ಚುಚ್ಚಿದರೆ ಮೇಲುದನಿ ಸತ್ತು ದನಿ ಮಂಕಾಗುತ್ತದೆ. ಡಿಐ ಎರಡನ್ನೂ ಹೊಂದಿಸುತ್ತದೆ. ಅಲ್ಲಿಂದ ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವ ಮೂರು ಪಿನ್ನಿನ) ಕೇಬಲಿನಲ್ಲಿ ಹೋಗುವ ದನಿಗೆ ದಾರಿಯಲ್ಲಿ ಅಂಟುವ ಗದ್ದಲ ಮಿಕ್ಸರಿನಲ್ಲಿ ಕಳೆದುಹೋಗುತ್ತದೆ. ವೇದಿಕೆಯಿಂದ ಸೌಂಡಿನವರ ಮೇಜಿನವರೆಗೆ ಉದ್ದ ಕೇಬಲ್ ಎಳೆಯುವ ನಮ್ಮ ಜಾತ್ರೆಗಳಿಗೆ ಇದು ಬೇಕೇ ಬೇಕು. ಬಜೆಟ್ ಕಡಿಮೆ ಇದ್ದರೆ ಮೊದಲ ದುಡ್ಡು ಇದಕ್ಕೇ ಹಾಕಿ ಎಂದು ನಾನು ಹೇಳುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆ ಝೂಮ್ ಬಿ1 ಫೋರ್ ತರಹದ ಮಲ್ಟಿ ಇಫೆಕ್ಟ್ ಒಂದಿದ್ದರೆ ಕಂಪ್ರೆಸರ್, ಆಕ್ಟೇವ್, ಡ್ರೈವ್ ಎಲ್ಲದರ ರುಚಿ ನೋಡಬಹುದು. ಯಾವುದು ನಿಜವಾಗಿ ಬೇಕು ಅಂತ ಗೊತ್ತಾದ ಮೇಲೆ ಬಿಡಿ ಪೆಡಲ್‌ಗೆ ಮಂಗಳೂರಿಗೆ ಹೋದರಾಯಿತು.

ಕರೆಂಟು ಮತ್ತು ಮಳೆ

ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ, ನಡುವಿನ ಪಿನ್ ಮೈನಸ್. ಅಡಾಪ್ಟರಿನಲ್ಲಿ ವೋಲ್ಟ್ ಮತ್ತು ಪ್ಲಸ್-ಮೈನಸ್ ಸರಿ ಹೊಂದಲೇಬೇಕು. ಮಿಲಿಆಂಪ್ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಆಗಬಾರದು. ಡಿಜಿಟಲ್ ಪೆಡಲ್‌ಗಳು ಜಾಸ್ತಿ ಎಳೆಯುತ್ತವೆ. ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ಡಿಜಿಟಲ್, ಅನಲಾಗ್ ಎರಡನ್ನೂ ನಡೆಸಿದರೆ ಕಿರ್ರೆನ್ನುವ ಸದ್ದು ಸೇರಿಕೊಳ್ಳುವುದುಂಟು. ಆಗ ಪ್ರತಿ ಪೆಡಲ್‌ಗೂ ಬೇರೆ ಬೇರೆ ಹೊರದಾರಿ ಇರುವ ಐಸೊಲೇಟೆಡ್ ಪವರ್ ಸಪ್ಲೈ ಬೇಕು.

ಬದಿಯಡ್ಕ ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ವೇದಿಕೆಯಲ್ಲಿ ದೀಪದ ಡಿಮ್ಮರ್ ಮತ್ತು ನಮ್ಮ ವಾದ್ಯಗಳು ಒಂದೇ ಲೈನಿನಲ್ಲಿದ್ದವು. ದೀಪ ಮಂಕು ಮಾಡಿದಾಗಲೆಲ್ಲ ಸ್ಪೀಕರಿನಲ್ಲಿ ಝಿಂಯ್ ಅನ್ನುತ್ತಿತ್ತು. ಲೈನ್ ಬೇರೆ ಮಾಡಿಸಿದ ಮೇಲೆ ನಿಂತಿತು. ಅಷ್ಟಾದರೂ ಹಮ್ ಉಳಿದರೆ ಡಿಐಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ದನಿಯ ಕೇಬಲಿನ ಅರ್ತ್ ಮಾತ್ರ ಬಿಡಿಸುತ್ತದೆ. ಪ್ಲಗ್‌ನ ಅರ್ತ್ ಪಿನ್ ಅನ್ನು ಯಾರು ಹೇಳಿದರೂ ತೆಗೆಯಬೇಡಿ. ಒದ್ದೆ ನೆಲ, ಕೈಯಲ್ಲಿ ಲೋಹದ ತಂತಿ, ಎದುರಿಗೆ ಮೈಕ್. ಅರ್ತ್ ಇಲ್ಲದಿದ್ದರೆ ಜೀವಕ್ಕೇ ಅಪಾಯ.

ಮೇ ಕೊನೆಯ ಪತ್ತನಾಜೆಗೆ ಜಾತ್ರೆ, ಯಕ್ಷಗಾನದ ಆಟ ಎಲ್ಲ ಮುಗಿಯುತ್ತದೆ. ಆಮೇಲೆ ಮಳೆ. ಸಮುದ್ರದ ಉಪ್ಪುಗಾಳಿ ಬೇರೆ. ತಂತಿ ತುಕ್ಕು ಹಿಡಿಯುತ್ತದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ನುಡಿಸಿದ ಕೂಡಲೇ ಒಣ ಬಟ್ಟೆಯಲ್ಲಿ ತಂತಿಯ ಮೇಲೆ ಕೆಳಗೆ ಎರಡೂ ಒರೆಸಿ. ನಯವಾದ ಫ್ಲಾಟ್‌ವೂಂಡ್ ತಂತಿಯಲ್ಲಿ ಬೆವರು, ಕೊಳೆ ಕೂರಲು ಸಂದಿ ಕಡಿಮೆ, ಬಾಳಿಕೆ ಜಾಸ್ತಿ. ಮೇಲುದನಿ ಕಡಿಮೆ ಇರುವುದರಿಂದ ಹಳೆಯ ಸಿನಿಮಾ ಹಾಡುಗಳಿಗೆ ಒಪ್ಪುತ್ತದೆ. ತೇವಕ್ಕೆ ಕತ್ತಿನ ಮರವೂ ಬದಲಾಗುತ್ತದೆ. 1ನೇ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ 7-8ನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದು ನೋಡಿ. ಸುಮಾರು 0.3 ಮಿಲಿಮೀಟರ್ ಇದ್ದರೆ ಒಳ್ಳೆಯದು. ತೀರಾ ವ್ಯತ್ಯಾಸವಿದ್ದರೆ ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಒಳಗಿನ ಲೋಹದ ಸಲಾಕೆ) ಅನ್ನು ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬೇಡಿ. ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಪೆಡಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬದಲ್ಲಿಡಿ. ಒಳಗಿನ ಬ್ಯಾಟರಿ ತೆಗೆದಿಡಿ, ಸೋರಿದರೆ ಸರ್ಕ್ಯೂಟ್ ತಿನ್ನುತ್ತದೆ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ವಾರಕ್ಕೊಮ್ಮೆಯಾದರೂ ಎಲ್ಲವನ್ನೂ ಜೋಡಿಸಿ, ಒಂದೊಂದು ನಾಬನ್ನೂ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಒಂದಷ್ಟು ಹೊತ್ತು ನುಡಿಸಿ.