ಧ್ರುವದ ಬಿಸಿಲಿಗೆ ಹಗೇವು ಎಲ್ಲಿ?

ವಾಸ್ಕೋದ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಸುತ್ತಮುತ್ತ ಬಂದರಿನ ಕೆಲಸಕ್ಕೆ ಬಂದು ನೆಲೆಸಿದ ವಿಜಾಪುರ, ಬಾಗಲಕೋಟೆ, ಗದಗ ಕಡೆಯ ಮಂದಿ ಜಾಸ್ತಿ. ಅಂಟಾರ್ಕ್ಟಿಕಾ ಮಾತು ಬಂದರೆ ಚಹಾದಂಗಡಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ತಿಂಗಳಗಟ್ಲೆ ಹೊತ್ತ ಮುಳಗಂಗಿಲ್ಲಂತ. ಮತ್ತ ಡೀಸೆಲ್ ಯಾಕ ಬೇಕ್ರೀ?"

ಪ್ರಶ್ನೆ ಸರಿಯಾಗಿಯೇ ಇದೆ. ಮೋಡದ ಲೆಕ್ಕ ಬಿಟ್ಟರೆ, ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ಧ್ರುವಕ್ಕೆ ಒಂದು ದಿನಕ್ಕೆ ಬರುವ ಬಿಸಿಲು ಸಮಭಾಜಕದ ಊರುಗಳಿಗಿಂತ ಹೆಚ್ಚು. ಸೋಲಾರ್ ಪ್ಯಾನೆಲ್‌ಗೆ ಚಳಿ ಹಿತ. ಗೋವಾದ ಮೇ ತಿಂಗಳ ಸೆಕೆಯಲ್ಲೇ ಅದು ಸೊರಗುವುದು. ಸೂರ್ಯ ಕೆಳಗೇ ಸುತ್ತುವುದರಿಂದ ಪ್ಯಾನೆಲ್ ನೆಟ್ಟಗೆ ನಿಲ್ಲಿಸಬೇಕು, ಅಷ್ಟೇ. 2019ರಲ್ಲಿ ಆಸ್ಟ್ರೇಲಿಯಾ ತನ್ನ ಕೇಸಿ ಕೇಂದ್ರದ ಗೋಡೆಗೇ 105 ಪ್ಯಾನೆಲ್ ಕೂರಿಸಿತು.

ತಕರಾರು ಸೂರ್ಯನೇ ಹುಟ್ಟದ ಚಳಿಗಾಲದ್ದು. 1981ರ ಡಿಸೆಂಬರಿನಲ್ಲಿ ನಮ್ಮ ಮೊದಲ ತಂಡ ಗೋವಾದಿಂದ ಹೊರಟಿತು. ಆಮೇಲೆ ಅಲ್ಲಿ ನಮ್ಮ ಕೇಂದ್ರಗಳು ಎದ್ದವು: ದಕ್ಷಿಣ ಗಂಗೋತ್ರಿ, 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ. ಚಳಿಗಾಲ ದಾಟಿಸಿದ್ದು ಮಾತ್ರ ಪ್ರತಿ ಸಲವೂ ಹಡಗಿನಲ್ಲಿ ಬಂದ ಎಣ್ಣೆ. ಅಮೆರಿಕದವರು 1962ರಲ್ಲಿ ಅಲ್ಲಿನ ತಮ್ಮ ಮೆಕ್‌ಮರ್ಡೋ ಕೇಂದ್ರದಲ್ಲಿ ಅಣು ರಿಯಾಕ್ಟರ್ ಇಟ್ಟು ನೋಡಿದರು. ಹತ್ತು ವರ್ಷಕ್ಕೆ ಅದನ್ನು ನಿಲ್ಲಿಸಿ, ಕೊನೆಗೆ ವಿಕಿರಣ ತಾಗಿದ ಅಲ್ಲಿನ ಮಣ್ಣನ್ನೂ ಹಡಗಿಗೆ ಹೇರಿದರು. 2009ರಲ್ಲಿ ಬೆಲ್ಜಿಯಂ ಗಾಳಿ, ಬಿಸಿಲಿನ ಮೇಲೇ ನಡೆಯುವ ಪ್ರಿನ್ಸೆಸ್ ಎಲಿಜಬೆತ್ ಕೇಂದ್ರ ತೆರೆಯಿತು. ಹೆಸರು ದೊಡ್ಡದಾಯಿತು. ಆದರೆ ಅಲ್ಲಿ ಜನ ಇರುವುದು ಬೇಸಿಗೆಯಲ್ಲಿ.

ಬ್ಯಾಟರಿ ಇಡಬಹುದಲ್ವಾ? ದಿನಾ ತುಂಬಿ ಖಾಲಿ ಮಾಡಿದ ಬ್ಯಾಟರಿ ಹತ್ತು ವರ್ಷದಲ್ಲಿ 3,650 ಸಲ ದುಡಿಯುತ್ತದೆ. ಬೇಸಿಗೆಯಲ್ಲಿ ತುಂಬಿ ಚಳಿಗಾಲದಲ್ಲಿ ತೆಗೆದರೆ ಹತ್ತೇ ಸಲ. ಕೊಟ್ಟ ದುಡ್ಡು ಮಾತ್ರ ಅಷ್ಟೇ. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ ಸಿಕ್ಕರೆ ಪುಣ್ಯ. ಕರೆಂಟಿನಿಂದ ಹೈಡ್ರೋಜನ್ ಮಾಡಿ, ಅದರಿಂದ ಮತ್ತೆ ಕರೆಂಟ್ ತೆಗೆದರೆ ಕೈಗೆ ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು.

ಇಷ್ಟಕ್ಕೂ ಚಳಿಗಾಲದಲ್ಲಿ ಅಲ್ಲಿ ಬೇಕಾದದ್ದರಲ್ಲಿ ದೊಡ್ಡ ಪಾಲು ಕಾವು. ಭಾರತಿಯಲ್ಲಿ ಜನರೇಟರಿನ ಕಾವನ್ನೇ ಕೋಣೆ ಬೆಚ್ಚಗಿಡಲು ಬಳಸುತ್ತಾರೆ. ಒಂದೇ ಟ್ಯಾಂಕ್ ಎಣ್ಣೆ ಎರಡು ಕೆಲಸ ಮಾಡುತ್ತದೆ. ಚರ್ಚೆ ನೋಡಿದರೆ ಸುಮ್ನೆ ಬ್ಯಾಟರಿಯ ಸುತ್ತಲೇ ಸುತ್ತುತ್ತಿರುತ್ತದೆ.

ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ನೆಲದೊಳಗೆ. ಕಾವನ್ನೂ ಹಾಗೇ ಇಡಬಹುದು. ಕೆನಡಾದ ಓಕೋಟೋಕ್ಸ್ ಊರಿನ ಡ್ರೇಕ್ ಲ್ಯಾಂಡಿಂಗ್ ಬಡಾವಣೆ ಇದನ್ನು ಮಾಡಿ ತೋರಿಸಿತು. 52 ಮನೆ. ಗ್ಯಾರೇಜುಗಳ ಚಾವಣಿ ಮೇಲೆ ಬಿಸಿಲಿನ ಕಾವು ಹಿಡಿಯುವ 800 ಫಲಕ. ನೆಲದಲ್ಲಿ ಸುಮಾರು 35 ಮೀಟರ್ ಆಳದ 144 ಕೊಳವೆ. ಬೇಸಿಗೆಯ ಕಾವು ಮಣ್ಣಿಗೆ ಇಳಿಯುತ್ತಿತ್ತು, ಚಳಿಗಾಲದಲ್ಲಿ ಮೇಲೆ ಬರುತ್ತಿತ್ತು. 2007ರಲ್ಲಿ ಶುರುವಾಗಿ 2015-16ರ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕಾವು ಪೂರ್ತಿ ಬಿಸಿಲಿನಿಂದಲೇ ಸಿಕ್ಕಿತು. 2024ರಲ್ಲಿ ಅದು ನಿಂತಿತು. ಉಪಕರಣ ಹಳತಾಗಿದ್ದವು, ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ.

ಧ್ರುವಕ್ಕೆ ಇದನ್ನು ಹಾಗೇ ಒಯ್ಯಲು ಬರುವುದಿಲ್ಲ. ಅಲ್ಲಿ ಹೆಪ್ಪುಗಟ್ಟಿದ ನೆಲವೇ ಎಷ್ಟೋ ಕಟ್ಟಡಗಳ ಬುನಾದಿ. ಅದು ಕರಗಿದರೆ ಗೋಡೆ ವಾಲುತ್ತದೆ. ಅದಕ್ಕೇ ನೆಲದ ಮೇಲಿನ ದಾರಿ ಹುಡುಕಬೇಕು. ಫಿನ್‌ಲ್ಯಾಂಡಿನ ಕಂಕಾನ್‌ಪಾದಲ್ಲಿ 2022ರಿಂದ ಸುಮಾರು 100 ಟನ್ ಮರಳನ್ನು ಕಬ್ಬಿಣದ ಗೋಪುರದಲ್ಲಿ ಕಾಯಿಸಿ ಇಡುತ್ತಿದ್ದಾರೆ. ಇಲ್ಲಿ ಗಾತ್ರದ ಪ್ರಶ್ನೆ ಏಳುತ್ತದೆ. ಹಗೇವಿನಲ್ಲಿ ಗೋಡೆಗೆ ತಾಗಿದ ಜೋಳವೇ ಮೊದಲು ಕೆಡುತ್ತದೆ. ಹಗೇವು ಸಣ್ಣದಾದಷ್ಟೂ ಕೆಡುವ ಪಾಲು ಜಾಸ್ತಿ. ಕಾವಿನದ್ದೂ ಅದೇ ಕಥೆ. ಬೆರಳೆಣಿಕೆಯ ಮಂದಿ ಚಳಿಗಾಲ ಕಳೆಯುವ ಕೇಂದ್ರಕ್ಕೆ ಇದು ದುಬಾರಿ.

ಉತ್ತರ ಧ್ರುವದ ಕಡೆ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೈನ್ ಊರು ಹಾಗಲ್ಲ. ಎರಡು ಸಾವಿರಕ್ಕೂ ಜಾಸ್ತಿ ಜನ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸೂರ್ಯ ಮುಖ ತೋರಿಸುವುದಿಲ್ಲ. ಮನೆಮನೆಗೆ ಬಿಸಿನೀರು ಒಯ್ಯುವ ಪೈಪುಗಳು ಆಗಲೇ ಇವೆ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಈಗ ಆ ಪೈಪುಗಳಲ್ಲಿ ಹರಿಯುವುದು ಡೀಸೆಲ್ ಉರಿಸಿ ಕಾಯಿಸಿದ ನೀರು.